ಕೆಲಸ ಕೇಳಲು ಬಂದವನ ಗುಂಡು, ‘ಆಗದು’ ಎಂದ ಅಧಿಕಾರಿಯ ಕಡತ

ಎಲ್ಲರಿಗೂ ನಮಸ್ಕಾರ.

1881ರ ಜುಲೈ 2. ಅಮೆರಿಕದ ಅಧ್ಯಕ್ಷ ಜೇಮ್ಸ್ ಗಾರ್‌ಫೀಲ್ಡ್ ಬೇಸಿಗೆ ರಜೆಗೆಂದು ವಾಷಿಂಗ್ಟನ್ನಿನ ರೈಲು ನಿಲ್ದಾಣಕ್ಕೆ ಬಂದಿದ್ದರು. ಚಾರ್ಲ್ಸ್ ಗಿಟೋ ಎಂಬವನು ಹಿಂದಿನಿಂದ ಎರಡು ಗುಂಡು ಹಾರಿಸಿದ. ಚುನಾವಣೆಯಲ್ಲಿ ಗಾರ್‌ಫೀಲ್ಡ್ ಪರವಾಗಿ ಒಂದು ಭಾಷಣ ಅಚ್ಚು ಹಾಕಿಸಿದ್ದ ಅವನಿಗೆ ಪ್ಯಾರಿಸ್ಸಿನಲ್ಲಿ ಅಮೆರಿಕ ಸರ್ಕಾರದ ಪ್ರತಿನಿಧಿಯ, ಅಂದರೆ ಕಾನ್ಸಲ್ ಹುದ್ದೆ ಬೇಕಿತ್ತು. ತಿಂಗಳುಗಟ್ಟಲೆ ಶ್ವೇತಭವನಕ್ಕೂ ವಿದೇಶಾಂಗ ಇಲಾಖೆಗೂ ಅಲೆದ. ವಿದೇಶಾಂಗ ಕಾರ್ಯದರ್ಶಿ ಬ್ಲೇನ್, ಇನ್ನು ಆ ಮಾತೇ ಎತ್ತಬೇಡ ಎಂದು ಗದರಿ ಕಳಿಸಿದ್ದರು. ಸೆಪ್ಟೆಂಬರ್ 19ರಂದು ಗಾರ್‌ಫೀಲ್ಡ್ ತೀರಿಕೊಂಡರು.

ಗಿಟೋಗೆ ಬುದ್ಧಿ ಸ್ಥಿಮಿತದಲ್ಲಿರಲಿಲ್ಲ ಎನ್ನುತ್ತಾರೆ. ಇರಬಹುದು. ಆದರೆ ಅವನು ಕೇಳಿದ್ದು ಆ ಕಾಲಕ್ಕೆ ವಿಚಿತ್ರವಲ್ಲ. 1789ರಲ್ಲಿ ಬೆರಳೆಣಿಕೆಯ ಇಲಾಖೆಗಳಿಂದ ಶುರುವಾದ ಒಕ್ಕೂಟ ಸರ್ಕಾರದಲ್ಲಿ, 1829ರಲ್ಲಿ ಆಂಡ್ರ್ಯೂ ಜಾಕ್ಸನ್ ಅಧ್ಯಕ್ಷರಾಗಿ ಬಂದ ಮೇಲೆ, ಗೆದ್ದ ಪಕ್ಷದವರಿಗೆ ಕೆಲಸ ಹಂಚುವುದೇ ಪದ್ಧತಿಯಾಗಿತ್ತು. ಪಕ್ಷ ಸೋತರೆ ಅಂಚೆ ಮಾಸ್ತರನ ಕೆಲಸವೂ ಹೋಯಿತು. ಕೆಲಸದಲ್ಲಿದ್ದಷ್ಟು ದಿನ ಸಂಬಳದಲ್ಲಿ ಪಕ್ಷಕ್ಕೆ ಪಾಲು ಕೊಡಬೇಕು. ಆ ನೌಕರ ಉತ್ತರ ಹೇಳುತ್ತಿದ್ದದ್ದು ಜನರಿಗಲ್ಲ, ಕೆಲಸ ಕೊಡಿಸಿದ ಧಣಿಗೆ.

ಗಾರ್‌ಫೀಲ್ಡ್ ಸಾವು ದೇಶವನ್ನು ಕಲಕಿತು. 1883ರ ಜನವರಿಯಲ್ಲಿ ಪೆಂಡಲ್‌ಟನ್ ಕಾಯ್ದೆ ಬಂತು: ಪರೀಕ್ಷೆ ಬರೆದು ಕೆಲಸ ಪಡೆಯಿರಿ, ಪಕ್ಷಕ್ಕೆ ವಂತಿಗೆ ಕೊಡಲಿಲ್ಲವೆಂದು ಯಾರನ್ನೂ ತೆಗೆಯುವಂತಿಲ್ಲ. ಸಹಿ ಹಾಕಿದವರು ಅವರ ನಂತರ ಅಧ್ಯಕ್ಷರಾದ ಚೆಸ್ಟರ್ ಆರ್ಥರ್, ಅದೇ ಹಳೆಯ ಪದ್ಧತಿಯಲ್ಲಿ ನ್ಯೂಯಾರ್ಕ್ ಬಂದರಿನ ಸುಂಕದ ಮುಖ್ಯಸ್ಥರಾಗಿದ್ದವರು. ಮೊದಲಿಗೆ ಕಾಯ್ದೆಯ ವ್ಯಾಪ್ತಿಗೆ ಬಂದದ್ದು ಹತ್ತರಲ್ಲೊಂದು ಪಾಲು ಹುದ್ದೆ ಮಾತ್ರ. ಬೆಳೆಯಲು ದಶಕಗಳೇ ಹಿಡಿದವು.

ಈ ರಕ್ಷಣೆ ಯಾಕೆ ಬೇಕು ಎಂಬುದಕ್ಕೆ ಒಬ್ಬರ ಮೇಜಿನ ಹತ್ತಿರ ನಿಮ್ಮನ್ನು ಕರೆದೊಯ್ಯುತ್ತೇನೆ. 1960ರಲ್ಲಿ ಫ್ರಾನ್ಸಿಸ್ ಕೆಲ್ಸಿ ಒಕ್ಕೂಟದ ಆಹಾರ ಮತ್ತು ಔಷಧ ಇಲಾಖೆಗೆ ಹೊಸದಾಗಿ ಸೇರಿದ್ದರು. ಕೈಗೆ ಬಂದ ಮೊದಮೊದಲ ಕಡತಗಳಲ್ಲೊಂದು ಥಾಲಿಡೊಮೈಡ್, ಯುರೋಪಿನಲ್ಲಿ ಆಗಲೇ ಮಾರಾಟದಲ್ಲಿದ್ದ ನಿದ್ದೆ ಮಾತ್ರೆ. ಅರವತ್ತು ದಿನದೊಳಗೆ ಇಲಾಖೆ ಆಕ್ಷೇಪಿಸದಿದ್ದರೆ ಔಷಧ ತಾನಾಗಿ ಮಾರುಕಟ್ಟೆಗೆ ಹೋಗುತ್ತಿತ್ತು. ಪ್ರತಿ ಬಾರಿ ಗಡುವು ಮುಗಿಯುವ ಮೊದಲು ಕೆಲ್ಸಿ ಪತ್ರ ಬರೆದರು: ಈ ಪುರಾವೆ ಸಾಲದು, ಇನ್ನಷ್ಟು ಕೊಡಿ. ಕಂಪನಿಯವರು ಫೋನ್ ಮಾಡಿದರು, ಕಚೇರಿಗೆ ಬಂದರು, ಮೇಲಧಿಕಾರಿಗಳಿಗೆ ದೂರಿತ್ತರು. ಕೆಲ್ಸಿ ಜಗ್ಗಲಿಲ್ಲ. 1961ರ ನವೆಂಬರಿನಲ್ಲಿ ಜರ್ಮನಿಯಲ್ಲಿ ಆ ಮಾತ್ರೆಯನ್ನು ಹಿಂತೆಗೆದುಕೊಂಡರು. ಗರ್ಭಿಣಿಯರು ಅದನ್ನು ನುಂಗಿದ್ದರಿಂದ ಸಾವಿರಾರು ಕೂಸುಗಳು ಕೈಕಾಲು ಊನವಾಗಿ ಹುಟ್ಟಿದ್ದವು. ಕಾಗದದ ಮೇಲಿನ ಆ ‘ಸಾಲದು’ ಎಂಬ ಮಾತನ್ನು ಓದುವಾಗೆಲ್ಲ ನನಗೆ ಕಣ್ಣು ತುಂಬುತ್ತದೆ.

ಹಾಗಾದರೆ ತೆಗೆಯಲಾಗದ ಅಧಿಕಾರಿಯನ್ನು ಕೇಳುವವರು ಯಾರು? ನ್ಯಾಯವಾದ ಪ್ರಶ್ನೆ. 1946ರ ಆಡಳಿತ ಕಾರ್ಯವಿಧಾನ ಕಾಯ್ದೆಯ ಪ್ರಕಾರ, ಇಲಾಖೆ ನಿಯಮ ಮಾಡುವ ಮುನ್ನ ಕರಡು ಪ್ರಕಟಿಸಿ ಜನರ ಅಭಿಪ್ರಾಯ ಪಡೆಯಬೇಕು. ತಪ್ಪಿದರೆ ಕೋರ್ಟು ಅದನ್ನು ರದ್ದು ಮಾಡಬಹುದು. 1966ರಲ್ಲಿ ಮಾಹಿತಿ ಸ್ವಾತಂತ್ರ್ಯ ಕಾಯ್ದೆ ಬಂತು. ಕರ್ನಾಟಕದಲ್ಲಿ ಅಂಥದ್ದೊಂದು ಕಾಯ್ದೆ ಬಂದದ್ದು 2000ದಲ್ಲಿ. 1978ರಲ್ಲಿ ಅಮೆರಿಕದಲ್ಲಿ ಇಲಾಖೆಯೊಳಗೇ ಕೂತು ಇಲಾಖೆಯ ಲೆಕ್ಕ ಕೆದಕುವ ಇನ್ಸ್‌ಪೆಕ್ಟರ್ ಜನರಲ್‌ಗಳು ಬಂದರು. ಹಣದ ಕೀಲಿ ಮೊದಲಿನಿಂದಲೂ ಕಾಂಗ್ರೆಸ್ಸಿನ, ಅಂದರೆ ಅಲ್ಲಿನ ಸಂಸತ್ತಿನ ಕೈಯಲ್ಲೇ ಇದೆ. ಕಾನೂನು ಅಸ್ಪಷ್ಟವಾಗಿದ್ದಾಗ ಇಲಾಖೆ ಕೊಡುವ ಅರ್ಥಕ್ಕೆ ಕೋರ್ಟು ಮಣಿಯುತ್ತಿದ್ದ ನಲವತ್ತು ವರ್ಷದ ರೂಢಿಯನ್ನು 2024ರ ಜೂನ್‌ನಲ್ಲಿ ಸುಪ್ರೀಂ ಕೋರ್ಟು ಕೈಬಿಟ್ಟಿತು.

2025ರ ಜನವರಿಯಲ್ಲಿ ಅಧ್ಯಕ್ಷ ಟ್ರಂಪ್ ಹದಿನೈದಕ್ಕೂ ಹೆಚ್ಚು ಇನ್ಸ್‌ಪೆಕ್ಟರ್ ಜನರಲ್‌ಗಳನ್ನು ಒಮ್ಮೆಗೇ ತೆಗೆದರು. ಕಾನೂನಿನಂತೆ ಮೂವತ್ತು ದಿನ ಮೊದಲು ಕಾಂಗ್ರೆಸ್ಸಿಗೆ ಕಾರಣ ತಿಳಿಸಬೇಕಿತ್ತು, ತಿಳಿಸಲಿಲ್ಲ. ನೀತಿಗೆ ಸಂಬಂಧಿಸಿದ ಹುದ್ದೆಗಳವರನ್ನು ತೆಗೆಯುವುದನ್ನು ಸುಲಭ ಮಾಡುವ ಆದೇಶವೂ ಅದೇ ತಿಂಗಳು ಹೊರಬಿತ್ತು. ಆರಿಸಿ ಬಂದವರ ಮಾತು ನಡೆಯಬೇಕು ಎಂಬ ವಾದದಲ್ಲಿ ಹುರುಳಿದೆ, ಅದನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ‘ಸಾಲದು’ ಎಂದು ಬರೆಯುವ ಕೈ ನಡುಗಬಾರದು.

ಕೆಲ್ಸಿಯವರು ನಿವೃತ್ತರಾದದ್ದು 2005ರಲ್ಲಿ, ತೊಂಬತ್ತರ ವಯಸ್ಸಿನಲ್ಲಿ. ಐಸೆನ್‌ಹೋವರ್ ಕಾಲದಲ್ಲಿ ಆ ಇಲಾಖೆ ಸೇರಿದವರು ಹತ್ತು ಅಧ್ಯಕ್ಷರನ್ನು ಕಂಡಿದ್ದರು.