ಕೋಡ್ ಹೇಳುವುದು ಚಕ್ರದ ಹೆಸರು

ಕೇಳುಗರಿಗೆ ನಮಸ್ಕಾರ.

ಮಂಜೇಶ್ವರ, ಕುಂಬಳೆ, ಬದಿಯಡ್ಕ, ಮುಳ್ಳೇರಿಯ ಕಡೆಯ ಅಂಗಳಗಳಲ್ಲಿ ಆಟಿ ತಿಂಗಳ ಮಳೆಗೆ ನೆನೆದು, ಕೆಂಪು ಕೆಸರು ಮೆತ್ತಿಕೊಂಡು ನಿಂತ ಕಾರುಗಳು ಎಷ್ಟೋ ಇವೆ. ಅವುಗಳಲ್ಲಿ ಕೆಲವಕ್ಕೆ ಹಳದಿ ಬಣ್ಣದ ಎಬಿಎಸ್ ದೀಪ ಉರಿಯುತ್ತಿರುತ್ತದೆ, ಆರುವುದೇ ಇಲ್ಲ. ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಸಿಕ್ಕಿಕೊಂಡು ಜಾರದಂತೆ ತಡೆಯುವ ವ್ಯವಸ್ಥೆಯೇ ಎಬಿಎಸ್. 2019ರ ಏಪ್ರಿಲ್‌ನಿಂದ ಹೊಸ ಕಾರುಗಳಿಗೆಲ್ಲ ಎಬಿಎಸ್ ಕಡ್ಡಾಯವಾಯಿತು. ಹಾಗಾಗಿ ಈ ದೀಪ ಈಗ ದೊಡ್ಡ ಕಾರಿನವರ ತಲೆನೋವು ಮಾತ್ರ ಅಲ್ಲ.

ಪ್ರತಿ ಚಕ್ರದ ಒಳಬದಿಯಲ್ಲಿ ಒಂದು ಸಣ್ಣ ಸೆನ್ಸರ್ ಇರುತ್ತದೆ. ಅದರ ಎದುರಿಗೆ ಹಲ್ಲಿನ ಉಂಗುರವೋ, ಬೇರಿಂಗ್ ಸೀಲಿನೊಳಗೆ ಅಡಗಿದ ಅಯಸ್ಕಾಂತದ ಉಂಗುರವೋ ತಿರುಗುತ್ತದೆ. ಎರಡರ ನಡುವೆ ಸುಮಾರು ಒಂದು ಮಿಲಿಮೀಟರ್ ಸಂದು. ಉಂಗುರ ತಿರುಗಿದಂತೆ ಸೆನ್ಸರ್ ಮಿಡಿಯುತ್ತದೆ, ಎಬಿಎಸ್ಸಿನ ಕಂಪ್ಯೂಟರ್ ಎಣಿಸುತ್ತದೆ. ಎಣಿಕೆ ತಪ್ಪಿದರೆ ದೀಪ.

ದೀಪ ಉರಿದ ಕೂಡಲೇ ಹೊಸ ಸೆನ್ಸರ್ ತರಲು ಹೊರಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಕಾರಿಗೆ ಸಿಕ್ಕಿಸಿ ದೋಷ ಓದುವ ಸ್ಕ್ಯಾನರ್ ಕೊಡುವ ಕೋಡ್ ಹೇಳುವುದು ಚಕ್ರದ ಹೆಸರನ್ನು, ಕೆಟ್ಟ ಭಾಗದ ಹೆಸರನ್ನಲ್ಲ. ಆ ಚಕ್ರದಲ್ಲಿ ವಯರ್ ಇದೆ, ಕನೆಕ್ಟರ್ ಇದೆ, ಉಂಗುರ ಇದೆ, ಬೇರಿಂಗ್ ಇದೆ. ತಪ್ಪು ಯಾರದೂ ಆಗಿರಬಹುದು.

ಮೊದಲು ದೀಪವನ್ನೇ ಗಮನಿಸಿ. ಕೀ ತಿರುಗಿಸಿದಾಗ ಅದು ಹೊತ್ತಿ, ಕೆಲವು ಸೆಕೆಂಡಿನಲ್ಲಿ ಆರಬೇಕು. ನಿಂತಲ್ಲೇ ಆರದಿದ್ದರೆ ಹೆಚ್ಚಾಗಿ ವಯರ್ ಕಡಿದಿದೆ ಅಥವಾ ಶಾರ್ಟ್ ಆಗಿದೆ. ಆರಿ, ಕಾರು ಸ್ವಲ್ಪ ದೂರ ಓಡಿದ ಮೇಲೆ ಮತ್ತೆ ಹೊತ್ತಿದರೆ ಸಂದು, ಕೊಳೆ, ಉಂಗುರ, ಇವುಗಳ ಕಡೆ ನೋಡಿ. ಸ್ಟಿಯರಿಂಗ್ ತಿರುಗಿಸಿದಾಗ ಮಾತ್ರ ಹೊತ್ತಿದರೆ ಮುಂದಿನ ಚಕ್ರದ ವಯರ್ ಬಾಗುವ ಜಾಗದಲ್ಲಿ ಒಳಗೊಳಗೇ ತುಂಡಾಗಿರಬಹುದು. ಮಳೆಯಲ್ಲಿ ಮಾತ್ರ ಬಂದರೆ ಕನೆಕ್ಟರಿಗೆ ನೀರು ಹೋಗಿರಬಹುದು. ಇಷ್ಟು ತಿಳಿಯಲು ಕಾಸೂ ಬೇಡ, ಸ್ಪಾನರೂ ಬೇಡ. ಎಬಿಎಸ್ ದೀಪ ಒಂದೇ ಉರಿದರೆ ಸಾಮಾನ್ಯ ಬ್ರೇಕ್ ಇರುತ್ತದೆ, ನಿಧಾನವಾಗಿ ಓಡಿಸಬಹುದು. ಹ್ಯಾಂಡ್‌ಬ್ರೇಕ್ ಇಳಿಸಿದ ಮೇಲೂ ಕೆಂಪು ಬ್ರೇಕ್ ದೀಪ ಜೊತೆಗೆ ಉರಿದರೆ ಕಾರು ಹೊರಡಿಸಲೇಬೇಡಿ.

ಇನ್ನು ಸ್ಕ್ಯಾನರ್. ತೀರಾ ಅಗ್ಗದ್ದು ಎಂಜಿನ್ ಕೋಡ್ ಮಾತ್ರ ಓದುತ್ತದೆ. ಎಬಿಎಸ್ ಓದುವಂಥದ್ದೇ ಬೇಕು. ಅನೇಕ ಕಾರುಗಳಲ್ಲಿ ಸಿ0035 ಎಂದರೆ ಮುಂದಿನ ಎಡ ಚಕ್ರ, ಸಿ0040 ಮುಂದಿನ ಬಲ, ಸಿ0045 ಹಿಂದಿನ ಎಡ, ಸಿ0050 ಹಿಂದಿನ ಬಲ. ಎಡಬಲ ಎಂದರೆ ಸೀಟಿನಲ್ಲಿ ಕೂತವರ ಎಡಬಲ. ಅಮೆರಿಕದಂಥ ದೇಶಗಳ ವಿಡಿಯೊಗಳಲ್ಲಿ ಡ್ರೈವರ್ ಬದಿ ಎಂದರೆ ಎಡ, ನಮ್ಮಲ್ಲಿ ಬಲ. ಇದೊಂದನ್ನು ಮರೆತು ಸರಿಯಿದ್ದ ಚಕ್ರ ಬಿಚ್ಚಿ ಕೂತವರಿದ್ದಾರೆ. ಆಮೇಲೆ ಖಾಲಿ ರಸ್ತೆಯಲ್ಲಿ ನೇರವಾಗಿ, ಗಂಟೆಗೆ 20 ಕಿಲೋಮೀಟರ್ ವೇಗದಲ್ಲಿ ಹೋಗಿ. ಪಕ್ಕದಲ್ಲಿ ಕೂತವರು ಸ್ಕ್ಯಾನರಿನಲ್ಲಿ ನಾಲ್ಕೂ ಚಕ್ರಗಳ ವೇಗ ಓದಲಿ. ಮೂರು 20 ತೋರಿಸಿ ಒಂದು ಸೊನ್ನೆ ತೋರಿಸಿದರೆ ಅದೇ ಚಕ್ರ. ಒಂದು ಚಕ್ರ ಯಾವಾಗಲೂ ಸ್ವಲ್ಪ ಹೆಚ್ಚು ತೋರಿಸಿದರೆ ಟಯರ್ ಅಳತೆ ನೋಡಿ. ಸಣ್ಣ ಸ್ಟೆಪ್ನಿ ಹಾಕಿ ಮರೆತಿರಬಹುದು.

ಈಗ ಬದಿಯಡ್ಕ ಕಡೆಯ ಒಂದು ಕಾರಿನ ವಿಷಯ ಹೇಳಲೇಬೇಕು. ಅಡಿಕೆ ತೋಟದವರ ಕಾರು. ಮುಂದಿನ ಎಡ ಚಕ್ರದಲ್ಲಿ ಹೂಂ ಎಂದು ಸದ್ದು ಬಂತು, ಒಂದು ಗ್ಯಾರೇಜಿನಲ್ಲಿ ಬೇರಿಂಗ್ ಬದಲಾಯಿಸಿದರು. ಸದ್ದು ನಿಂತಿತು. ಮರುದಿನವೇ ಎಬಿಎಸ್ ದೀಪ ಹೊತ್ತಿತು. ಕೋಡ್ ಸಿ0035. ಹೊಸ ಸೆನ್ಸರ್ ಹಾಕಿದರು, ದೀಪ ಆರಲಿಲ್ಲ. ಹೊಸದೇ ಕೆಟ್ಟಿರಬೇಕೆಂದು ಇನ್ನೊಂದು ತಂದರು, ಆಗಲೂ ಆರಲಿಲ್ಲ. ಕಂಪ್ಯೂಟರ್ ಹೋಗಿದೆ ಎಂದು ಯಾರೋ ಹೇಳಿದರು, ಅದರ ಬೆಲೆ ಕೇಳಿ ಮನೆಯವರು ಕಂಗಾಲಾದರು. ಕೊನೆಗೆ ಒಬ್ಬ ಮೆಕ್ಯಾನಿಕ್ ಸೆನ್ಸರ್ ಬಿಚ್ಚಿ, ಆ ತೂತಿನೊಳಗೆ ದಾರ ಕಟ್ಟಿದ ತೆಳು ಗುಂಡುಸೂಜಿ ಬಿಟ್ಟು ನೋಡಿದರು. ಸೂಜಿ ಎಲ್ಲಿಗೂ ಅಂಟಲಿಲ್ಲ. ಅದೇ ಸೂಜಿಯನ್ನು ಬಲ ಚಕ್ರದಲ್ಲಿ ಬಿಟ್ಟರೆ ಮೆಲ್ಲಗೆ ಎಳೆದುಕೊಂಡು ಹೋಗಿ ಅಂಟಿತು. ಆ ಬೇರಿಂಗಿಗೆ ಒಂದು ಬದಿಯ ಸೀಲಿನಲ್ಲಿ ಮಾತ್ರ ಅಯಸ್ಕಾಂತ. ಆ ಬದಿ ಸೆನ್ಸರಿನ ಕಡೆಗೆ ಇರಬೇಕಿತ್ತು, ತಿರುಗಿಸಿ ಹಾಕಿಬಿಟ್ಟಿದ್ದರು. ಚಕ್ರ ತಿರುಗುತ್ತದೆ, ಸದ್ದಿಲ್ಲ, ಸೆನ್ಸರಿಗೆ ಮಾತ್ರ ಏನೂ ಕಾಣುವುದಿಲ್ಲ. ಒತ್ತಿ ಹಾಕಿದ ಬೇರಿಂಗ್ ಹೊರಗೆಳೆದರೆ ಹಾಳಾಗುತ್ತದೆ, ಹಾಗಾಗಿ ಮತ್ತೊಂದು ಬೇರಿಂಗಿಗೂ ದುಡ್ಡು. ಎರಡು ಸೆನ್ಸರ್ ದಂಡ. ಕೋಡ್ ಸುಳ್ಳು ಹೇಳಿರಲಿಲ್ಲ ನೋಡಿ. ಅದು ಚಕ್ರದ ಹೆಸರು ಹೇಳಿತ್ತು, ಕೇಳಿದವರು ಸೆನ್ಸರ್ ಎಂದು ಕೇಳಿಸಿಕೊಂಡರು.

ಹೊತ್ತು ಹೆಚ್ಚಿಲ್ಲ, ಚಕ್ರ ಎತ್ತುವ ವಿಷಯಕ್ಕೆ ಬರುತ್ತೇನೆ. ನಮ್ಮ ಅಂಗಳಗಳು ಇಳಿಜಾರು, ಮಳೆಗಾಲದಲ್ಲಿ ಮೆತ್ತಗೆ. ಸಮತಟ್ಟು ಜಾಗ ಹುಡುಕಿ, ಜ್ಯಾಕಿನ ಕೆಳಗೆ ದಪ್ಪ ಹಲಗೆ ಇಡಿ, ನೆಲದಲ್ಲೇ ಇರುವ ಚಕ್ರಗಳಿಗೆ ಮುಂದೆ ಹಿಂದೆ ಅಡ್ಡ ಕೊಡಿ, ಕಬ್ಬಿಣದ ಸ್ಟ್ಯಾಂಡ್ ಕೂರಿಸಿ. ಮನೆ ಹಿಂದೆ ರಾಶಿ ಬಿದ್ದಿರುವ ಮುರಕಲ್ಲನ್ನು ಕಾರಿನಡಿಗೆ ಖಂಡಿತ ಇಡಬೇಡಿ. ಗೋಡೆಗೆ ಆ ಕಲ್ಲು ಸರಿ, ಕಾರಿನ ಭಾರ ಒಂದೇ ಮೂಲೆಗೆ ಬಿದ್ದರೆ ಒಡೆಯುತ್ತದೆ.

ಚಕ್ರ ತೆಗೆದ ಮೇಲೆ ವಯರನ್ನು ಸೆನ್ಸರಿನಿಂದ ಬಾಡಿಯವರೆಗೆ ಕೈಯಿಂದ ಸವರಿ ನೋಡಿ. ತೆಂಗಿನಕಾಯಿ ರಾಶಿಯ ಶೆಡ್ಡಿನಲ್ಲಿ ನಿಲ್ಲುವ ಕಾರಿಗೆ ಇಲಿಯ ಹಲ್ಲಿನ ಗುರುತು ಸಿಗದಿದ್ದರೇ ಆಶ್ಚರ್ಯ. ಕನೆಕ್ಟರ್ ಬಿಚ್ಚಿ, ಪಿನ್ನುಗಳಲ್ಲಿ ಹಸಿರು ಕಿಲುಬು ಇದ್ದರೆ ಕಾಂಟ್ಯಾಕ್ಟ್ ಕ್ಲೀನರ್ ಹೊಡೆಯಿರಿ. ಕಡಲ ಬದಿಯ ಉಪ್ಪುಗಾಳಿಗೆ ಇದು ಬೇಗ ಬರುತ್ತದೆ. ಸೆನ್ಸರಿಗೆ ಒಂದೇ ಬೋಲ್ಟ್, ಹೆಚ್ಚಾಗಿ 10 ಎಂಎಂ ಸ್ಪಾನರಿನದು. ಸೆನ್ಸರ್ ಬಾರದಿದ್ದರೆ ವಯರ್ ಹಿಡಿದು ಎಳೆಯಬೇಡಿ. ತುಕ್ಕಿಗೆ ಸ್ಪ್ರೇ ಹೊಡೆದು, ಸ್ವಲ್ಪ ಹೊತ್ತು ಬಿಟ್ಟು, ಎಡಕ್ಕೂ ಬಲಕ್ಕೂ ಮೆಲ್ಲಗೆ ತಿರುಗಿಸಿ. ತುದಿಗೆ ಅಂಟಿದ ಕಬ್ಬಿಣದ ಪುಡಿಯನ್ನು ಬಟ್ಟೆಯಿಂದ ಒರೆಸಿ. ಸೆನ್ಸರ್ ಕೂರುವ ಜಾಗದ ತುಕ್ಕನ್ನು ಸಣ್ಣ ಎಮೆರಿ ಕಾಗದದಿಂದ ಉಜ್ಜಿ. ತುಕ್ಕು ಉಬ್ಬಿದರೆ ಸೆನ್ಸರ್ ಮೇಲೇಳುತ್ತದೆ, ಸಂದು ಹೆಚ್ಚುತ್ತದೆ. ಮೆಲ್ಲಗೆ ನಿಲ್ಲಿಸುವಾಗಲೂ ಬ್ರೇಕ್ ಪೆಡಲ್ ಕಾಲಿನಡಿಯಲ್ಲಿ ಗಡಗಡ ಅದುರುವುದಕ್ಕೆ ಹೆಚ್ಚಾಗಿ ಇದೇ ಕಾರಣ. ಹಲ್ಲಿನ ಉಂಗುರವಾದರೆ ಪೂರ್ತಿ ಒಂದು ಸುತ್ತು ತಿರುಗಿಸಿ, ಬಿರುಕು ಇದೆಯೇ ನೋಡಿ.

ಮಲ್ಟಿಮೀಟರ್ ಇದ್ದವರಿಗೆ ಇನ್ನೆರಡು ಮಾತು. ಹಳೆಯ ಕಾರುಗಳ ತಂತಿ ಸುರುಳಿಯ ಸೆನ್ಸರ್ ಹೆಚ್ಚಾಗಿ 1000ದಿಂದ 2000 ಓಮ್ ತೋರಿಸುತ್ತದೆ. ಮೀಟರನ್ನು ಎಸಿ ವೋಲ್ಟಿಗೆ ಇಟ್ಟು, ಸೆಕೆಂಡಿಗೆ ಒಂದು ಸುತ್ತಿನಂತೆ ಚಕ್ರ ತಿರುಗಿಸಿದರೆ ಅಂಕಿ ಏಳಬೇಕು. ಈಚಿನ ಕಾರುಗಳ ಸೆನ್ಸರ್ ಬೇರೆ ಜಾತಿಯದು, ಅದಕ್ಕೆ ಓಮ್ ಹಿಡಿಯಬೇಡಿ. ಕನೆಕ್ಟರ್ ಬಿಚ್ಚಿ, ಕೀ ಆನ್ ಮಾಡಿ, ಕಾರಿನ ಬದಿಯ ಪಿನ್ನಿನಲ್ಲಿ ವೋಲ್ಟ್ ನೋಡಿ. ಹೆಚ್ಚಿನ ಕಾರುಗಳಲ್ಲಿ 12ರ ಹತ್ತಿರ ಬರುತ್ತದೆ. ಏನೂ ಬಾರದಿದ್ದರೆ ಹೆಚ್ಚಾಗಿ ಸೆನ್ಸರ್ ನಿರಪರಾಧಿ, ತಪ್ಪು ಮೇಲಿನ ವಯರಿನಲ್ಲೋ ಕಂಪ್ಯೂಟರಿನಲ್ಲೋ ಇರಬಹುದು.

ವಯರ್, ಕನೆಕ್ಟರ್, ಉಂಗುರ, ಬೇರಿಂಗ್ ಎಲ್ಲ ಸರಿಯಿದ್ದರೆ ಮಾತ್ರ ಹೊಸ ಸೆನ್ಸರ್ ತನ್ನಿ. ಎಡಕ್ಕೂ ಬಲಕ್ಕೂ ಪಾರ್ಟ್ ನಂಬರ್ ಬೇರೆ ಇರಬಹುದು, ಹಳೆಯದನ್ನು ಅಂಗಡಿಗೆ ಒಯ್ಯಿರಿ. ಕೂರಿಸುವಾಗ ಸುತ್ತಿಗೆ ಮುಟ್ಟಬೇಡಿ, ವಯರನ್ನು ಮೊದಲಿದ್ದ ಕ್ಲಿಪ್ಪುಗಳಿಗೇ ಸಿಕ್ಕಿಸಿ. ಕೋಡ್ ಅಳಿಸಿದ ಮೇಲೂ ದೀಪ ಉರಿಯುತ್ತಿದ್ದರೆ ಗಾಬರಿ ಬೇಡ. ಕೆಲವು ಕಾರುಗಳಲ್ಲಿ ಸ್ವಲ್ಪ ವೇಗವಾಗಿ ಓಡಿಸಿ, ನಾಲ್ಕೂ ಚಕ್ರಗಳ ಎಣಿಕೆ ಸರಿಯಾಗಿ ಬಂದ ಮೇಲಷ್ಟೇ ಅದು ಆರುತ್ತದೆ.

ನಮಸ್ಕಾರ.