ಮನೆಯಲ್ಲೇ ಡ್ರಿಪ್ ಹಾಕಿಸಿಕೊಂಡರೆ ಮೆಡಿಕೇರ್ ದುಡ್ಡು ಕೊಡುತ್ತಾ?

ನಮಸ್ಕಾರ. ಅಮೆರಿಕದಲ್ಲಿ ಅಪ್ಪ-ಅಮ್ಮನನ್ನು ಜೊತೆಗಿಟ್ಟುಕೊಂಡಿರುವ ಕನ್ನಡಿಗರಿಗೆ ಈ ವಿಡಿಯೋ. ಮೆಡಿಕೇರ್ ಅಂದರೆ ಅಲ್ಲಿನ ಸರ್ಕಾರ ಮುಖ್ಯವಾಗಿ ಹಿರಿಯರಿಗೆ ಕೊಡುವ ಆರೋಗ್ಯ ವಿಮೆ. ವಿಸಿಟರ್ ವೀಸಾದಲ್ಲಿ ಬಂದವರಿಗೆ ಇದು ಇಲ್ಲ. ಗ್ರೀನ್ ಕಾರ್ಡ್ ಇದ್ದು, 65 ತುಂಬಿ, ಸತತವಾಗಿ 5 ವರ್ಷ ಅಲ್ಲೇ ಇದ್ದವರು ಪ್ರೀಮಿಯಂ ಕಟ್ಟಿ ಸೇರಬಹುದು. ನಿಮ್ಮ ಮನೆಯಲ್ಲಿ ಅಂಥವರಿದ್ದರೆ ಮುಂದೆ ನೋಡಿ.

ಅಮ್ಮನಿಗೆ ಕಾಲಿನ ಮೂಳೆಯಲ್ಲಿ ಸೋಂಕು ಅಂದುಕೊಳ್ಳಿ. 6 ವಾರ ಆಂಟಿಬಯೋಟಿಕ್ ನರದ ಮೂಲಕವೇ ಹೋಗಬೇಕು. ಡಾಕ್ಟರು ತೋಳಿಗೆ ಪಿಕ್ ಲೈನ್ (ವಾರಗಟ್ಟಲೆ ನರದೊಳಗೇ ಬಿಡುವ ತೆಳು ಕೊಳವೆ) ಹಾಕಿ, "ಮಿಕ್ಕಿದ್ದನ್ನು ಮನೆಯಲ್ಲೇ ಮಾಡಿಕೊಳ್ಳಿ" ಅನ್ನುತ್ತಾರೆ. ಅಮ್ಮನಿಗೂ ಅದೇ ಬೇಕು. ಮನೆ ಊಟ ಸಿಗುತ್ತಲ್ವಾ!

[ಸ್ಕ್ರೀನ್ ಮೇಲೆ: ಔಷಧಿ ತುಂಬಿದ ಬಲೂನು, ಪಿಕ್ ಲೈನ್]

ಮನೆಗೆ ಬರುವುದು ಟೆನಿಸ್ ಚೆಂಡಿನಷ್ಟು ದೊಡ್ಡ ಬಲೂನು. ಒಳಗೆ ಔಷಧಿ. ಫ್ರಿಜ್‌ನಿಂದ ತೆಗೆದು ತಣ್ಣಗಿರುವುದು ಹೋಗುವವರೆಗೆ ಹೊರಗಿಡಬೇಕು. ಕೈ ತೊಳೆದು, ಲೈನಿನ ತುದಿ ಒರೆಸಿ, ಸಲೈನ್ (ಉಪ್ಪು ನೀರು) ಸಿರಿಂಜ್ ಒತ್ತಿ, ಬಲೂನು ಸಿಕ್ಕಿಸಿದರೆ ಅದು ತಾನಾಗಿಯೇ ಕುಗ್ಗುತ್ತಾ ಔಷಧಿ ಬಿಡುತ್ತದೆ. ಕರೆಂಟ್ ಬೇಡ. ಮುಗಿದ ಮೇಲೆ ಮತ್ತೆ ಸಲೈನ್. ನರ್ಸ್ ಒಮ್ಮೆ ಹೇಳಿಕೊಟ್ಟರೆ ಮನೆಯವರೇ ಮಾಡುತ್ತಾರೆ.

ತೊಡಕು ಶುರುವಾಗುವುದೇ ಈ ಬಲೂನಿನಿಂದ.

ಮೆಡಿಕೇರ್‌ನಲ್ಲಿ ಡಾಕ್ಟರು, ಉಪಕರಣಗಳ ಖರ್ಚು ನೋಡಿಕೊಳ್ಳುವ ಭಾಗ ಪಾರ್ಟ್ ಬಿ. ಅದು ಮನೆಯ ಇನ್ಫ್ಯೂಷನ್‌ಗೆ, ಅಂದರೆ ಡ್ರಿಪ್‌ಗೆ, ದುಡ್ಡು ಕೊಡುವುದು ಪಂಪ್ ಇದ್ದರೆ. ಅಂದರೆ ಮತ್ತೆ ಮತ್ತೆ ಬಳಸುವಂಥ, ಬಾಳಿಕೆ ಬರುವ ಉಪಕರಣ. ಬಲೂನು ಒಮ್ಮೆ ಬಳಸಿ ಬಿಸಾಡುವ ವಸ್ತು, ಹಾಗಾಗಿ ಲೆಕ್ಕಕ್ಕೆ ಬರುವುದಿಲ್ಲ. ಹಾಗಂತ ಪಂಪ್ ತಂದರೆ ಸಾಕಾ? ಸಾಲದು. ಔಷಧಿಯೂ ಅವರ ಪಟ್ಟಿಯಲ್ಲಿ ಇರಬೇಕು. ಹೃದಯ ಸೋತವರಿಗೆ ಕೊಡುವ ಮಿಲ್ರಿನೋನ್, ಶ್ವಾಸಕೋಶದ ರಕ್ತದೊತ್ತಡಕ್ಕೆ ಟ್ರೆಪ್ರೋಸ್ಟಿನಿಲ್, ಕೆಲವು ಕೀಮೋ ಔಷಧಿಗಳು, ಚರ್ಮದಡಿ ಕೊಡುವ ಇಮ್ಯುನೊಗ್ಲೋಬ್ಯುಲಿನ್ (ರೋಗನಿರೋಧಕ ಪ್ರೋಟೀನು) ಇವೆಲ್ಲ ಇವೆ. ಮಾಮೂಲಿ ಆಂಟಿಬಯೋಟಿಕ್‌ಗಳು ಇಲ್ಲ. ವ್ಯಾಂಕೊಮೈಸಿನ್ ಎಂಬ ಆಂಟಿಬಯೋಟಿಕ್ ಅನ್ನು ಪಂಪ್ ಹಾಕಿ ಕೊಟ್ಟರೂ ಪಾರ್ಟ್ ಬಿ ಒಪ್ಪುವುದಿಲ್ಲ.

ಪಟ್ಟಿಯಲ್ಲಿರುವ ಔಷಧಿ ಬೇಕಾದವರ ಕಥೆ ಪರವಾಗಿಲ್ಲ. 2026ರಲ್ಲಿ ಮೊದಲ 283 ಡಾಲರ್ ನಿಮ್ಮದು, ಆಮೇಲೆ ಮೆಡಿಕೇರ್ ಒಪ್ಪಿದ ದರದಲ್ಲಿ 20% ನಿಮ್ಮದು. ಮೆಡಿಗ್ಯಾಪ್ (ಮೆಡಿಕೇರ್ ಕೊಡದ ಪಾಲು ತುಂಬುವ ಖಾಸಗಿ ವಿಮೆ) ಇದ್ದರೆ ಆ 20% ಸಾಮಾನ್ಯವಾಗಿ ಅದು ನೋಡಿಕೊಳ್ಳುತ್ತದೆ. ನರ್ಸ್ ಭೇಟಿ, ತರಬೇತಿ, ನಿಗಾ ಇವಕ್ಕೂ 2021ರ ಜನವರಿಯಿಂದ ಪ್ರತ್ಯೇಕ ಸೌಲಭ್ಯ ಬಂದಿದೆ. ರೋಗಿ ಮನೆಯಿಂದ ಹೊರಗೆ ಕಾಲಿಡಲಾಗದ ಸ್ಥಿತಿಯಲ್ಲೇ ಇರಬೇಕು ಅಂತ ಇದಕ್ಕೆ ಷರತ್ತಿಲ್ಲ. ಆದರೆ ಈ ಸೇವೆ ಕೊಡುವ ಕಂಪನಿಗೆ ದುಡ್ಡು ಸಿಗುವುದು ನರ್ಸ್ ಖುದ್ದಾಗಿ ಮನೆಗೆ ಬಂದ ದಿನಕ್ಕೆ ಮಾತ್ರ. ಫಾರ್ಮಸಿಸ್ಟ್ ಔಷಧಿ ಕಲಸಿದ ದಿನ, ಫೋನಿನಲ್ಲಿ ವಿಚಾರಿಸಿದ ದಿನ ಲೆಕ್ಕಕ್ಕಿಲ್ಲ. ಇದು ನನಗಂತೂ ವಿಚಿತ್ರ ಅನಿಸುತ್ತದೆ.

ಅಮ್ಮನ ಆಂಟಿಬಯೋಟಿಕ್‌ಗೆ ವಾಪಸ್ ಬರೋಣ. ಮೆಡಿಕೇರ್‌ನ ಔಷಧಿ ವಿಮೆ, ಪಾರ್ಟ್ ಡಿ, ತಗೊಂಡಿದ್ದರೆ ಔಷಧಿಯ ಖರ್ಚು ಅದರಲ್ಲಿ ಬರಬಹುದು. 2026ರಲ್ಲಿ ಪಾರ್ಟ್ ಡಿ ಔಷಧಿಗಳಿಗೆ ವರ್ಷಕ್ಕೆ 2,100 ಡಾಲರ್‌ಗಿಂತ ಜಾಸ್ತಿ ಕೈಯಿಂದ ಹೋಗುವುದಿಲ್ಲ. ಆದರೆ ಅದು ಔಷಧಿಗೆ ಮಾತ್ರ. ಬಲೂನು, ಟ್ಯೂಬು, ಸಿರಿಂಜು, ನರ್ಸ್ ಇವು ಪಾರ್ಟ್ ಡಿಗೆ ಸೇರಿದ್ದಲ್ಲ, ಆ ಮಿತಿಯೊಳಗೂ ಬರುವುದಿಲ್ಲ.

ಹೀಗಾಗಿ ಎಷ್ಟೋ ಜನ ಮನೆ ಬಿಟ್ಟು ನರ್ಸಿಂಗ್ ಫೆಸಿಲಿಟಿಗೆ (ಆಸ್ಪತ್ರೆಯ ನಂತರ ನರ್ಸ್‌ಗಳು ಆರೈಕೆ ಮಾಡುವ ಕೇಂದ್ರ) ಹೋಗುತ್ತಾರೆ. ಅಲ್ಲಿ ಮೊದಲ 20 ದಿನ ಪಾರ್ಟ್ ಎ, ಅಂದರೆ ಮೆಡಿಕೇರ್‌ನ ಆಸ್ಪತ್ರೆ ವಿಮೆ, ಪೂರ್ತಿ ಕೊಡುತ್ತದೆ, 21ನೇ ದಿನದಿಂದ 2026ರಲ್ಲಿ ದಿನಕ್ಕೆ 217 ಡಾಲರ್ ನಿಮ್ಮ ಮೇಲೆ. ಅದಕ್ಕೂ ಮೊದಲು ಆಸ್ಪತ್ರೆಯಲ್ಲಿ ಕನಿಷ್ಠ 3 ದಿನ ಇನ್‌ಪೇಷಂಟ್ (ಅಧಿಕೃತವಾಗಿ ಅಡ್ಮಿಟ್) ಆಗಿರಬೇಕು. ಅಡ್ಮಿಟ್ ಮಾಡದೆ "ಅಬ್ಸರ್ವೇಶನ್" (ನಿಗಾ) ಅಂತ ಮಲಗಿಸಿದ ದಿನಗಳು ಈ ಮೂರರಲ್ಲಿ ಸೇರುವುದಿಲ್ಲ. ಹಾಸಿಗೆ ಅದೇ, ನರ್ಸ್ ಅದೇ, ಕಾಗದದಲ್ಲಿ ಮಾತ್ರ ಬೇರೆ! ಅಮ್ಮ ಯಾವ ಲೆಕ್ಕದಲ್ಲಿದ್ದಾರೆ ಅಂತ ಮೊದಲ ದಿನವೇ ಕೇಳಿ.

ಮೆಡಿಕೇರ್ ಅಡ್ವಾಂಟೇಜ್ ಪ್ಲಾನ್ (ಮೆಡಿಕೇರ್ ಸೌಲಭ್ಯವನ್ನು ಖಾಸಗಿ ಕಂಪನಿ ಮೂಲಕ ಕೊಡುವ ವಿಮೆ) ಇದ್ದರೆ ಆಟವೇ ಬೇರೆ. ಕೆಲವು ಪ್ಲಾನ್‌ಗಳು ಮನೆಯ ಆಂಟಿಬಯೋಟಿಕ್‌ಗೆ ನರ್ಸ್, ಸಾಮಾನು ಎಲ್ಲ ಸೇರಿಸಿ ಕೊಡುತ್ತವೆ. ಆದರೆ ಪ್ಲಾನ್‌ನವರಿಂದ ಮುಂಚೆಯೇ ಅನುಮತಿ ತಗೊಳ್ಳಬೇಕಾಗಬಹುದು, ಅವರ ನೆಟ್‌ವರ್ಕಿನ, ಅಂದರೆ ಅವರ ಜೊತೆ ಒಪ್ಪಂದವಿರುವ, ಕಂಪನಿಯೇ ಆಗಬೇಕಾಗಬಹುದು. ಡಿಸ್ಚಾರ್ಜ್ ಮಾಡಿಸುವ ಕೇಸ್ ಮ್ಯಾನೇಜರ್ ಹತ್ತಿರ ವಾರಕ್ಕೆ ಎಷ್ಟು ಖರ್ಚು, ಅದರಲ್ಲಿ ನಮ್ಮ ಪಾಲೆಷ್ಟು ಅಂತ ಬರೆಸಿಕೊಳ್ಳಿ. ಶುಕ್ರವಾರ ಸಂಜೆಯವರೆಗೆ ಕಾಯಬೇಡಿ, ವಾರಾಂತ್ಯದಲ್ಲಿ ಅನುಮತಿ ಕೊಡುವವರು ಸಿಗುವುದು ಕಷ್ಟ.