ಮಾಯ್ದ ಪೆಟ್ಟು, ಮಾಯದ ನೋವು

ಕೇಳುಗರೆಲ್ಲರಿಗೂ ನಮಸ್ಕಾರ.

ಯಾವಾಗಲೋ ತಲೆಗೋ ಕತ್ತಿಗೋ ಪೆಟ್ಟು ಬಿದ್ದಿದೆ. ಎಕ್ಸ್‌ರೇ ತೆಗೆಸಿದ್ದೀರಿ, ಏನೂ ಇಲ್ಲ ಅಂದಿದ್ದಾರೆ. ಆದರೆ ತಿಂಗಳುಗಳು ಉರುಳಿದರೂ ತಲೆನೋವು ಬಿಟ್ಟಿಲ್ಲ, ಕತ್ತಿನ ಬಿಗಿತ ಹೋಗಿಲ್ಲ, ಆಗಾಗ ತಲೆ ಸುತ್ತುತ್ತದೆ. ಇವತ್ತಿನ ಮಾತು ನಿಮಗಾಗಿ. ಮಿಕ್ಕವರೂ ದಯವಿಟ್ಟು ರೇಡಿಯೋ ಆರಿಸಬೇಡಿ. ಇಂಥವರೊಬ್ಬರು ನಿಮ್ಮ ಮನೆಯಲ್ಲೇ ಇರಬಹುದು, "ರಿಪೋರ್ಟ್ ಸರಿಯಾಗಿದೆಯಲ್ಲ, ಇನ್ನೇನು ನಿಂದು?" ಅಂತ ನೀವೇ ಅವರನ್ನು ಗದರಿಸಿರಲೂಬಹುದು.

ನಾನು ಫಿಸಿಯೋಥೆರಪಿಸ್ಟ್. ಹೇಳಬೇಕಾಗಿರುವುದು ಒಂದೇ ಮಾತು, ಅದನ್ನು ಈಗಲೇ ಹೇಳಿಬಿಡುತ್ತೇನೆ. ಕತ್ತನ್ನು ತಿರುಗಿಸಿ. ಹೆದರಿಕೊಂಡು ಅದನ್ನು ಕಟ್ಟಿಹಾಕಬೇಡಿ.

ನಮ್ಮ ತಲೆ ಸುಮಾರು ನಾಲ್ಕೂವರೆಯಿಂದ ಐದು ಕಿಲೋ ತೂಗುತ್ತದೆ. ಅಷ್ಟು ಭಾರವನ್ನು ಏಳು ಸಣ್ಣ ಮೂಳೆಗಳು ಹೊತ್ತಿವೆ. ನಿಂತ ಗಾಡಿಗೆ ಹಿಂದಿನಿಂದ ಇನ್ನೊಂದು ಗಾಡಿ ಗುದ್ದಿತು ಅಂದುಕೊಳ್ಳಿ. ಸೀಟು ಮೈಯನ್ನು ಮುಂದಕ್ಕೆ ತಳ್ಳುತ್ತದೆ, ತಲೆ ಮಾತ್ರ ಇದ್ದಲ್ಲೇ ಉಳಿಯುತ್ತದೆ. ನಡುವೆ ಸಿಕ್ಕ ಕತ್ತು ಕಣ್ಣು ಮಿಟುಕಿಸುವಷ್ಟರಲ್ಲಿ ಹಾವಿನಂತೆ ಬಳುಕಿ ಜಗ್ಗಿಹೋಗುತ್ತದೆ. ಸ್ನಾಯುಗಳು ಎಚ್ಚೆತ್ತು ಬಿಗಿದುಕೊಳ್ಳುವ ಹೊತ್ತಿಗೆ ಆಗುವುದೆಲ್ಲ ಆಗಿರುತ್ತದೆ. ಉಳುಕುವುದು ಮೂಳೆಗಳ ಹಿಂಬದಿಯ ಪುಟ್ಟ ಕೀಲುಗಳು, ಅವುಗಳ ಸುತ್ತಲಿನ ಪೊರೆ, ಸ್ನಾಯು. ಎಕ್ಸ್‌ರೇ ತೋರಿಸುವುದು ಮೂಳೆಯನ್ನು. ಹಾಗಾಗಿ "ಏನೂ ಇಲ್ಲ" ಅಂದರೆ ಮೂಳೆ ಮುರಿದಿಲ್ಲ ಎಂದಷ್ಟೇ. ನೋವು ಸುಳ್ಳು ಅಂತಲ್ಲ.

ಸರಿ, ಪೆಟ್ಟು ಕತ್ತಿಗೆ, ನೋವು ಹಣೆಯಲ್ಲಿ ಯಾಕೆ? ಕತ್ತಿನ ಮೇಲ್ಭಾಗದ ಮೂರು ಜೋಡಿ ನರಗಳೂ ಮುಖದಿಂದ ಬರುವ ನರವೂ ಮಿದುಳಿನ ಬುಡದಲ್ಲಿ ಒಂದೇ ಕಡೆ ಬಂದು ಸೇರುತ್ತವೆ. ಎರಡು ಮನೆಗೂ ಒಂದೇ ಕರೆಗಂಟೆ ಇಟ್ಟ ಹಾಗೆ. ಗಂಟೆ ಬಾರಿಸಿದ್ದು ಕತ್ತು, ಮಿದುಳು ಹೋಗಿ ಬಾಗಿಲು ತೆಗೆಯುವುದು ಕಣ್ಣಿನ ಮನೆಯದು. ಜನ ಕನ್ನಡಕ ಬದಲಾಯಿಸುತ್ತಾರೆ, ಸೈನಸ್ ಅಂದುಕೊಳ್ಳುತ್ತಾರೆ, ಕತ್ತಿನ ಕಡೆ ಮಾತ್ರ ಯಾರೂ ನೋಡುವುದಿಲ್ಲ.

ಇಲ್ಲಿ ನಿಮಗೆ ಒಬ್ಬ ಶಾಲಾ ಶಿಕ್ಷಕಿಯ ಕತೆ ಹೇಳಲೇಬೇಕು. ಅವರು ನನ್ನ ಕೋಣೆಗೆ ಬಂದಾಗ ಮೊದಲು ಕಂಡದ್ದು ಅವರ ಮುಖವಲ್ಲ, ಗಲ್ಲದವರೆಗೆ ಏರಿದ್ದ ಕಾಲರ್, ಅಂದರೆ ಕತ್ತು ಅಲ್ಲಾಡದ ಹಾಗೆ ಸುತ್ತ ಕಟ್ಟುವ ದಪ್ಪ ಪಟ್ಟಿ. ಅಂಚು ಸವೆದು ಬಣ್ಣ ಹೋಗಿತ್ತು. ಸಿಗ್ನಲ್‌ನಲ್ಲಿ ನಿಂತಿದ್ದ ಅವರ ಕಾರಿಗೆ ಹಿಂದಿನಿಂದ ಯಾರೋ ಗುದ್ದಿದ್ದರು. ಆಗಿ ಎರಡು ವರ್ಷ! ಗಾಯವಿಲ್ಲ, ರಕ್ತವಿಲ್ಲ, ಅವತ್ತು ನೋವೂ ಇರಲಿಲ್ಲವಂತೆ. ಮಾರನೆಯ ದಿನ ಕತ್ತು ಬಿಗಿಯಿತು, ಯಾರೋ ಕಾಲರ್ ಕೊಟ್ಟರು, ಅದನ್ನು ಯಾವಾಗ ತೆಗೆಯಬೇಕು ಅಂತ ಯಾರೂ ಹೇಳಲಿಲ್ಲ. ಆಮೇಲೆ ಬಲಗಣ್ಣಿನ ಹಿಂದೆ ನೋವು ಶುರುವಾಯಿತು, ಒಂದು ಹಲ್ಲನ್ನೂ ಕೀಳಿಸಿಕೊಂಡರು. ಬೋರ್ಡಿನ ಮೇಲೆ ಬರೆದು ಮಕ್ಕಳ ಕಡೆ ತಿರುಗಿದರೆ ತೇಲಿದ ಹಾಗಾಗುತ್ತಿತ್ತು. ಕ್ರಮೇಣ ಅವರು ತಲೆ ತಿರುಗಿಸುವುದನ್ನೇ ಬಿಟ್ಟು, ಇಡೀ ಮೈ ತಿರುಗಿಸಲು ಕಲಿತುಬಿಟ್ಟರು.

"ಮೇಡಂ, ಅದನ್ನು ಬಿಚ್ಚಿ ಮೇಜಿನ ಮೇಲಿಡಿ" ಅಂದೆ.

"ಬಿಚ್ಚಿದರೆ ತಲೆ ಕಳಚಿ ಬೀಳುತ್ತೇನೋ ಅನ್ನಿಸುತ್ತೆ ಡಾಕ್ಟ್ರೇ" ಅಂದರು. ತಮಾಷೆಗಲ್ಲ, ನಿಜವಾಗಿಯೂ.

ನನಗೆ ತುಂಬ ಇಷ್ಟವಾದ ಒಂದು ಪರೀಕ್ಷೆ ಇದೆ. ತಲೆಗೆ ಪಟ್ಟಿ ಕಟ್ಟಿ ಅದಕ್ಕೆ ಪುಟ್ಟ ಲೇಸರ್ ದೀಪ ಸಿಕ್ಕಿಸುತ್ತೇವೆ. ಗೋಡೆಯಿಂದ 90 ಸೆಂಟಿಮೀಟರ್ ದೂರದಲ್ಲಿ ಕೂರಿಸಿ, ಬೆಳಕಿನ ಚುಕ್ಕೆ ಎಲ್ಲಿ ಬಿದ್ದಿದೆಯೋ ಅಲ್ಲಿ ಗುರುತು ಹಾಕುತ್ತೇವೆ. ಕಣ್ಣು ಮುಚ್ಚಿ ತಲೆಯನ್ನು ಒಂದು ಪಕ್ಕಕ್ಕೆ ತಿರುಗಿಸಬೇಕು, ಮತ್ತೆ ಮೊದಲಿದ್ದಲ್ಲಿಗೇ ತರಬೇಕು. ಇಷ್ಟೇ. ಕತ್ತು ನೆಟ್ಟಗಿದ್ದವರ ಚುಕ್ಕೆ ಸಾಮಾನ್ಯವಾಗಿ ಏಳು ಸೆಂಟಿಮೀಟರಿನ ಒಳಗೇ ಬಂದು ನಿಲ್ಲುತ್ತದೆ. ಇವರದು? ಒಂದು ಗೇಣು ಆಚೆ! ಕಣ್ಣು ಬಿಟ್ಟು ನೋಡಿದವರೇ "ಗೋಡೆ ಸರಿದಿದೆಯಾ?" ಅಂತ ಕೇಳಿದರು.

ಗೋಡೆ ಸರಿದಿರಲಿಲ್ಲ. ತಲೆಬುರುಡೆಯ ಕೆಳಗಿರುವ ಚಿಕ್ಕ ಸ್ನಾಯುಗಳ ತುಂಬ ಸಂವೇದಕಗಳಿವೆ. ತಲೆ ಯಾವ ಕಡೆ ಇದೆ ಅಂತ ಮಿದುಳಿಗೆ ಸದಾ ಸುದ್ದಿ ಮುಟ್ಟಿಸುವುದು ಅವುಗಳ ಕೆಲಸ. ಕಣ್ಣು ಒಂದು ಹೇಳಿ, ಒಳಗಿವಿ ಅದನ್ನೇ ಹೇಳಿ, ಕತ್ತು ಬೇರೆಯೇ ಹೇಳಿದರೆ ತಲೆ ಸುತ್ತದೆ ಇನ್ನೇನಾಗುತ್ತದೆ? ಎರಡು ವರ್ಷ ಕಟ್ಟಿಹಾಕಿದ ಕತ್ತು ಲೆಕ್ಕ ಮರೆತುಬಿಟ್ಟಿತ್ತು.

ಅವರಿಗೆ ಮಾತ್ರೆ ಕೊಡಲಿಲ್ಲ, ಕರೆಂಟು ಹಿಡಿಯಲಿಲ್ಲ. ಅದೇ ದೀಪ, ಅದೇ ಗೋಡೆ. ತಿರುಗಿಸು, ವಾಪಸ್ ತಾ, ಕಣ್ಣು ಬಿಟ್ಟು ನೋಡು, ಸರಿಪಡಿಸಿಕೋ. ಜೊತೆಗೆ, ಅಂಗಾತ ಮಲಗಿ ಗಲ್ಲವನ್ನು ಸಣ್ಣಗೆ ಒಳಕ್ಕೆಳೆದು "ಹೌದು" ಎನ್ನುವಂತೆ ತಲೆಯಾಡಿಸುವುದು. ಹೆಬ್ಬೆರಳನ್ನು ಕಣ್ಣ ಮುಂದೆ ಹಿಡಿದು, ನೋಟ ಕದಲಿಸದೆ ತಲೆ ಮಾತ್ರ ತಿರುಗಿಸುವುದು. ಮೊದಲ ವಾರ ನೋವು ಜಾಸ್ತಿಯಾಯಿತು ಅಂತ ಫೋನಿನಲ್ಲಿ ನನ್ನ ಮೇಲೆ ರೇಗಿದರು. ಬಿಡಬೇಡಿ ಅಂದೆ. ತಿಂಗಳುಗಳು ಹಿಡಿಯಿತು. ತಲೆಸುತ್ತು ನಿಂತಿತು. ತಲೆನೋವು ಪೂರ್ತಿ ಹೋಗಲಿಲ್ಲ, ಆದರೆ ದಿನಾ ಬರುತ್ತಿದ್ದದ್ದು ಅಪರೂಪಕ್ಕೆ ಬರುವ ಹಾಗಾಯಿತು. ಕಾಲರನ್ನು ಶಾಲೆಯ ನಾಟಕಕ್ಕೆ ಕೊಟ್ಟೆ ಅಂದರು, ಯಾವ ಪಾತ್ರಕ್ಕೆ ಬೇಕಾಯಿತೋ!

ಇದು ನನ್ನ ಹಠ ಅಂದುಕೊಳ್ಳಬೇಡಿ. ಕೆನಡಾದ ಕ್ವಿಬೆಕ್‌ನ ತಜ್ಞರ ಸಮಿತಿ 1995ರಲ್ಲೇ ಇದನ್ನು ಹೇಳಿತು. ಕತ್ತು ಉಳುಕಿದವರು ಬೇಗ ದಿನನಿತ್ಯದ ಕೆಲಸಕ್ಕೆ ಮರಳಬೇಕು, ಕಾಲರ್ ಮತ್ತು ದೀರ್ಘ ವಿಶ್ರಾಂತಿ ಗುಣವಾಗುವುದನ್ನು ತಡಮಾಡುತ್ತವೆ ಅಂತ. ಮೂಳೆ ಮುರಿದಿಲ್ಲ ಅಂತ ಖಚಿತವಾದ ಮೇಲೆ ಕತ್ತನ್ನು ತಿರುಗಿಸಿ ಸ್ವಾಮಿ, ತಿರುಗಿಸಿ.

ಹೊರಗಿನಿಂದ ಸಮಯದ ಸನ್ನೆ ಬರುತ್ತಿದೆ. ಉಳಿದದ್ದನ್ನು ಬೇಗ ಬೇಗ ಹೇಳುತ್ತೇನೆ.

ಎಂಆರ್‌ಐ ರಿಪೋರ್ಟಿನಲ್ಲಿ ಡಿಸ್ಕ್, ಅಂದರೆ ಕತ್ತಿನ ಮೂಳೆಗಳ ನಡುವಿನ ಮೆತ್ತೆ, ಉಬ್ಬಿದೆ ಅಂತ ಬಂದರೆ ಕಂಗಾಲಾಗಬೇಡಿ. ಜಪಾನಿನಲ್ಲಿ ಕತ್ತಿನ ತೊಂದರೆಯೇ ಇಲ್ಲದ 1211 ಜನರನ್ನು ಪರೀಕ್ಷಿಸಿ 2015ರಲ್ಲಿ ಪ್ರಕಟಿಸಿದರು. ನೂರಕ್ಕೆ 87ಕ್ಕೂ ಹೆಚ್ಚು ಮಂದಿಯಲ್ಲಿ ಡಿಸ್ಕ್ ಉಬ್ಬಿತ್ತು. ಅವರೆಲ್ಲ ಆರಾಮಾಗಿದ್ದರು.

ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದಾಗ ಕೋಣೆಯೇ ಗಿರ್ರನೆ ತಿರುಗಿ, ಒಂದು ನಿಮಿಷದೊಳಗೆ ನಿಂತರೆ ಅದು ಕತ್ತಿನದಲ್ಲ, ಕಿವಿಯದು. ತಲೆಗೆ ಪೆಟ್ಟು ಬಿದ್ದಾಗ ಒಳಗಿವಿಯ ಸೂಕ್ಷ್ಮ ಹರಳುಗಳು ಜಾಗ ತಪ್ಪಿರುತ್ತವೆ. ಎಪ್ಲಿ ಎಂಬ ವಿಧಾನದಲ್ಲಿ ತಲೆಯನ್ನು ಕ್ರಮವಾಗಿ ತಿರುಗಿಸಿ ಅವನ್ನು ವಾಪಸ್ ಕೂರಿಸಬಹುದು. ನೋಡಿ, ಅಲ್ಲೂ ತಿರುಗಿಸುವುದೇ!

ತಲೆಗೆ ಪೆಟ್ಟಾದವರನ್ನು ವಾರಗಟ್ಟಲೆ ಕತ್ತಲೆ ಕೋಣೆಯಲ್ಲಿ ಮಲಗಿಸುವುದು ಹಳೆಯ ಮಾತು. ಮೊದಲ ಒಂದೆರಡು ದಿನ ವಿರಾಮ, ಆಮೇಲೆ ನಿಧಾನವಾಗಿ ನಡಿಗೆ. ನೋವಿನ ಮಾತ್ರೆಯನ್ನು ತಿಂಗಳಲ್ಲಿ 15 ದಿನ ಅಥವಾ ಹೆಚ್ಚು ನುಂಗುತ್ತಿದ್ದರೆ ಆ ಮಾತ್ರೆಯೇ ತಲೆನೋವು ತರಬಹುದು, ವೈದ್ಯರನ್ನು ಕೇಳಿ ಇಳಿಸಿ. ಯಾರ ಕೈಯಲ್ಲೂ ಕತ್ತನ್ನು ಲಟಕ್ಕನೆ ತಿರುಚಿಸಿಕೊಳ್ಳಬೇಡಿ, ಮಿದುಳಿಗೆ ಹೋಗುವ ರಕ್ತನಾಳ ಸೀಳುವ ಅಪಾಯವಿದೆ. ನಾನು ಹೇಳುತ್ತಿರುವ ತಿರುಗಿಸುವುದು ನೀವೇ, ಮೆಲ್ಲಗೆ. ದಿಂಬು ಯಾವುದು ಅಂತ ಎಲ್ಲರೂ ಕೇಳುತ್ತಾರೆ: ನಿದ್ದೆ ಬರುವಂಥದ್ದು.

ಕೊನೆಯದಾಗಿ, ಕೈಕಾಲು ಬಲ ಕಳೆದುಕೊಂಡರೆ, ನಡಿಗೆ ತೂರಾಡಿದರೆ, ಮೂತ್ರ ಹಿಡಿತ ತಪ್ಪಿದರೆ, ಒಂದು ಕಣ್ಣಿನ ರೆಪ್ಪೆ ಜೋತುಬಿದ್ದರೆ, ತಲೆನೋವು ಏರುತ್ತಲೇ ಹೋಗಿ ವಾಂತಿಯಾದರೆ ವ್ಯಾಯಾಮ ಮಾಡುತ್ತಾ ಕೂರಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ. ಮನೆಯಲ್ಲಿ ವಯಸ್ಸಾದವರಿದ್ದರೆ, ಅದರಲ್ಲೂ ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರಿದ್ದರೆ, ಸಣ್ಣ ಪೆಟ್ಟಾಗಿ ವಾರಗಳ ನಂತರವೂ ತಲೆಯೊಳಗೆ ರಕ್ತ ಶೇಖರವಾಗಿರಬಹುದು. ಅವರಿಗೆ ಮಂಕು ಕವಿದ ಹಾಗೆ ಕಂಡರೆ ವಯಸ್ಸಾಯಿತು ಅಂತ ಸುಮ್ಮನಾಗಬೇಡಿ. ಬಿದ್ದಿದ್ದರು ಅನ್ನುವುದನ್ನು ವೈದ್ಯರಿಗೆ ನೀವೇ ನೆನಪಿಸಿ, ಅವರು ಕೇಳದಿದ್ದರೂ. ನಮಸ್ಕಾರ.